ಬಳಗದ ಮನೆ

ಮಂಗಳವಾರ ಮತ್ತು ಗುರುವಾರ ಬೆಳಗ್ಗೆ ಹತ್ತರಿಂದ ಹನ್ನೆರಡೂವರೆಯ ತನಕ, ಕ್ಲೆಗ್‌ಡೆನ್ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಲಯನೆಲ್ ಸ್ಟಾಟ್ ಸತ್ತವರ ಹೆಸರು ಓದುತ್ತಿದ್ದ, ಎನಿಡ್ ಬ್ರಾಕ್‌ಷಾ ಟಿಕ್ ಹಾಕುತ್ತಿದ್ದಳು.

ಕೆಲಸದ ಕ್ರಮ ಹೀಗಿತ್ತು. ಚರ್ಚಿನ ಹಳೆಯ ರಿಜಿಸ್ಟರಿನ ಛಾಯಾಪ್ರತಿ ಲಯನೆಲ್‌ನ ಮುಂದೆ. ಅದನ್ನು ನೋಡಿ ಬೇರೆ ಯಾರೋ ಟೈಪು ಮಾಡಿದ ಹಾಳೆ ಎನಿಡಳ ಮುಂದೆ. ಟೈಪು ಮಾಡಿದವರು ಪರಿಶೀಲನೆಗೆ ಕೂರುವಂತಿಲ್ಲ. ಓದುವವನು ಟೈಪಾದ ಹಾಳೆಯ ಕಡೆ ನೋಡುವಂತಿಲ್ಲ. ನೋಡಿದರೆ ಕಣ್ಣು ತನಗೆ ಬೇಕಾದದ್ದನ್ನೇ ಓದಿಬಿಡುತ್ತದೆ. ಊರಿನ ವಂಶೇತಿಹಾಸ ಸಂಘ ಇಪ್ಪತ್ತು ವರ್ಷದಿಂದ ಈ ನಿಯಮ ಬಿಟ್ಟಿರಲಿಲ್ಲ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಒಂಬತ್ತು ಸಾವಿರದ ನಾನೂರು ಸಮಾಧಿಗಳು ಈ ಇಬ್ಬರ ನಡುವೆ ಹಾದುಹೋಗಬೇಕಿತ್ತು. ಲಯನೆಲ್ ಮೂವತ್ತೊಂದು ವರ್ಷ ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ದುಡಿದವನು, ಒಂದೊಂದು ಸಾಲನ್ನೂ ಗಾಡಿ ದಾಟಿಸುವ ಹಾಗೆ ಓದುತ್ತಿದ್ದ. ಎನಿಡ್ ಉಣ್ಣೆ ಗಿರಣಿಯಲ್ಲಿ ನೇಯ್ದ ಬಟ್ಟೆಯನ್ನು ಬೆರಳಿನಿಂದ ಸವರಿ ದೋಷ ಹುಡುಕುವ ವಿಭಾಗದಲ್ಲಿದ್ದವಳು. ಅವಳಿಗೆ ಅರವತ್ತೊಂಬತ್ತು, ಅವನಿಗೆ ಎಪ್ಪತ್ತನಾಲ್ಕು. ಮೂರು ವರ್ಷದಲ್ಲಿ ಇಬ್ಬರೂ ಒಂದು ದಿನ ತಪ್ಪಿಸಿರಲಿಲ್ಲ.

1994ರ ಅಕ್ಟೋಬರ್ ಹನ್ನೊಂದು, ಮಂಗಳವಾರ. ಲಯನೆಲ್ 1731ರ ಪುಟದಲ್ಲಿದ್ದ.

"ನವೆಂಬರ್ ಇಪ್ಪತ್ತೆಂಟು. ಸೂಸನ್, ವಿಧವೆ, ಭಾರಿ ಸಿರಿವಂತೆ."

"ಸಿರಿವಂತೆ ಅಂತ ಇದ್ಯಾ ಅಲ್ಲಿ?"

"ಇಲ್ಲ. 'ಬಡವಳು' ಅಂತಿದೆ. ನೀನು ಎಚ್ಚರ ಇದ್ದೀಯೋ ಇಲ್ವೋ ನೋಡ್ದೆ."

"ಇದ್ದೀನಿ. ಮುಂದೆ ಹೋಗು."

"ಡಿಸೆಂಬರ್ ಒಂಬತ್ತು. ಹೆಸರಿಲ್ಲದ ಕೂಸು, ಗಿರಣಿ ಹಳ್ಳದ ಹತ್ತಿರದ್ದು. ಜನವರಿ ಹತ್ತೊಂಬತ್ತು. ಥಾಮಸ್, ಬ್ರಾಕ್‌ಷಾ ಒಕ್ಕಲುಮನೆಯ ಜೋನಾಸ್ ಬ್ರಾಕ್‌ಷಾನ ಮಗ." ತಲೆ ಎತ್ತದೆ ಸೇರಿಸಿದ, "ನಿಮ್ಮ ಕಡೆಯವನು."

"ಹೂಂ," ಅಂದಳು ಎನಿಡ್. ಟಿಕ್ ಹಾಕಿದಳು.

ಫೆಬ್ರವರಿಯಲ್ಲಿ ನಾಲ್ವರು ಸತ್ತರು, ಮಾರ್ಚ್ ಮೊದಲಲ್ಲಿ ಇಬ್ಬರು. ಅವರಾದ ಮೇಲೆ ಪಾದ್ರಿ ಒಂದು ಗೆರೆ ಎಳೆದು, ಕೆಳಗೆ ದೊಡ್ಡ ಅಂಕಿಯಲ್ಲಿ 1732 ಎಂದು ಬರೆದಿದ್ದ. ಲಯನೆಲ್ ಅದನ್ನೂ ಓದಿದ. ಎನಿಡ್ ಅದಕ್ಕೂ ಟಿಕ್ ಹಾಕಿದಳು. ಆಗ ಅವಳ ಕೈ ನಿಂತಿತು.

ಆ ಕಾಲದ ಇಂಗ್ಲೆಂಡಿನಲ್ಲಿ ವರ್ಷ ಹುಟ್ಟುತ್ತಿದ್ದುದು ಮಾರ್ಚ್ ಇಪ್ಪತ್ತೈದಕ್ಕೆ. ಜನವರಿ ಬರುವ ಹೊತ್ತಿಗೆ ವರ್ಷ ಮುದಿಯಾಗಿರುತ್ತಿತ್ತು. ಅಂದರೆ 1731ರ ಜನವರಿ ಬಂದದ್ದು 1731ರ ಜೂನ್ ಆದ ಮೇಲೆ, ಮೊದಲಲ್ಲ. ಇದು ವಂಶ ಹುಡುಕುವವರಿಗೆ ಮೊದಲ ವಾರದಲ್ಲೇ ಕಲಿಸುವ ಪಾಠ. ಹೊಸಬರಿಗೆ ಆ ಪಾಠ ಹೇಳುತ್ತಿದ್ದವಳು ಎನಿಡಳೇ.

ಜೋನಾಸ್ ಬ್ರಾಕ್‌ಷಾನ ಮಗ ಥಾಮಸ್‌ಗೆ ದೀಕ್ಷಾಸ್ನಾನವಾದದ್ದು 1731ರ ಜೂನ್ ಹದಿಮೂರು, ಭಾನುವಾರ. ಆ ತಾರೀಖು ಅವಳಿಗೆ ತನ್ನ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿತ್ತು. ಜುಲೈ, ಆಗಸ್ಟ್, ಸೆಪ್ಟೆಂಬರ್ ಎಂದು ಅವಳು ಮೇಜಿನ ಕೆಳಗೆ ಬೆರಳು ಮಡಚಿದಳು. ಏಳು ಬೆರಳಿಗೆ ಮಗು ಸತ್ತಿತ್ತು.

"ಏನಾಯ್ತು?" ಅಂದ ಲಯನೆಲ್.

"ಏನಿಲ್ಲ. ಮುಂದೆ ಹೋಗು."

*

ಬ್ರಾಕ್‌ಷಾ ಎಂಬುದು ಮೊದಲಿಗೆ ಮನುಷ್ಯರ ಹೆಸರಲ್ಲ. ಊರಿನ ಉತ್ತರಕ್ಕೆ ಬೋಳುಗುಡ್ಡದ ಅಂಚಿನಲ್ಲಿದ್ದ, ಕುರಿ ಸಾಕುವ ಒಂದು ಒಕ್ಕಲುಮನೆಯ ಹೆಸರು. ಬಿಲ ತೋಡುವ ಬ್ಯಾಜರ್ ಎಂಬ ಪ್ರಾಣಿ ಇದ್ದ ಕಿರುಗಾಡು ಎಂದು ಅದರ ಅರ್ಥ. ಅಲ್ಲಿಂದ ಇಳಿದು ಬಂದವರಿಗೆಲ್ಲ ಆ ಹೆಸರು ಅಂಟಿತು. ಆ ಮನೆಯ ಜೋಸಯ್ಯ ಬ್ರಾಕ್‌ಷಾ ಎಂಬ ಬಟ್ಟೆ ವ್ಯಾಪಾರಿ, ಮಕ್ಕಳಿಲ್ಲದವನು, 1694ರಲ್ಲಿ ಊರಿನ ವೃದ್ಧರಿಗಾಗಿ ಆರು ಧರ್ಮದ ಮನೆಗಳನ್ನು ಕಟ್ಟಿಸಿದ. ಐದು ಮನೆ ಯಾರಿಗಾದರೂ ಸರಿ. ಮೊದಲನೆಯದು ಮಾತ್ರ ಅವನ ತಮ್ಮನ ಸಂತತಿಗೆ ಮೀಸಲು. ಜನ ಅದನ್ನು ಬಳಗದ ಮನೆ ಎನ್ನುತ್ತಿದ್ದರು. ಬಳಗದವರು ಕೇಳಿದರೆ ಅವರಿಗೇ ಕೊಡಬೇಕು, ಕೇಳುವವರಿಲ್ಲದಿದ್ದರೆ ಊರಿನ ಬೇರೆ ಬಡವರಿಗೆ. ಒಳಗೆ ಬಂದ ಬಳಗದವರನ್ನು ಸಾಯುವ ತನಕ ಎಬ್ಬಿಸುವಂತಿಲ್ಲ.

ಒಂಬತ್ತು ವರ್ಷದಿಂದ ಆ ಮನೆಯಲ್ಲಿದ್ದವಳು ಎನಿಡ್.

ಅವಳ ವಂಶಾವಳಿ ಹನ್ನೊಂದು ತಲೆಮಾರಿನದು. ಅದರಲ್ಲಿ ಎಂಟು ತಲೆಮಾರು ಕಲ್ಲಿನ ಹಾಗೆ ಗಟ್ಟಿ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಹಿಂದೆ ಹೋದರೆ ಥಾಮಸ್ ಬ್ರಾಕ್‌ಷಾ ಎಂಬ ನೇಕಾರ ಸಿಗುತ್ತಾನೆ. 1755ರಲ್ಲಿ ಮದುವೆಯಾದವನು, ಸಹಿಯ ಜಾಗದಲ್ಲಿ ಅಡ್ಡಗೆರೆ ಹಾಕಿದವನು, 1802ರಲ್ಲಿ ಎಪ್ಪತ್ತೊಂದನೇ ವಯಸ್ಸಿಗೆ ಸತ್ತವನು. ಅವನ ಅಪ್ಪ ಯಾರು? 1961ರಲ್ಲಿ, ಇದರಲ್ಲಿ ಇನ್ನೂ ಕಣ್ಣು ಬಿಡುತ್ತಿದ್ದ ಎನಿಡ್, ಪಾದ್ರಿಯ ಮನೆಯಲ್ಲಿದ್ದ ಕಾರ್ಡುಗಳ ಪೆಟ್ಟಿಗೆಯಲ್ಲಿ ಉತ್ತರ ಹುಡುಕಿದಳು. ನೂರು ವರ್ಷದ ಹಿಂದೆ ಯಾವನೋ ಪಾದ್ರಿಯ ಮಗಳು ರಿಜಿಸ್ಟರನ್ನೆಲ್ಲ ಕಾರ್ಡಿಗೆ ಇಳಿಸಿ, ಹೆಸರು ಹಿಡಿದು, ತಾರೀಖು ಹಿಡಿದು ಜೋಡಿಸಿಟ್ಟಿದ್ದಳು. ಜನವರಿ 1731, ಜೋನಾಸನ ಮಗ ಥಾಮಸ್, ಸಮಾಧಿ. ಅದರ ಮುಂದಿನ ಕಾರ್ಡು, ಜೂನ್ 1731, ಜೋನಾಸನ ಮಗ ಥಾಮಸ್, ದೀಕ್ಷಾಸ್ನಾನ. ಸತ್ತ ಮಗುವಿನ ಹೆಸರನ್ನು ಮುಂದೆ ಹುಟ್ಟಿದ್ದಕ್ಕೆ ಇಡುವುದು ಆಗ ಮನೆಮನೆಯ ರೂಢಿ. ಒಬ್ಬ ಥಾಮಸ್ ಹೋದ, ಇನ್ನೊಬ್ಬ ಬಂದ ಎಂದು ಎನಿಡ್ ಬರೆದುಕೊಂಡಳು. ವಯಸ್ಸೂ ಕೂಡಿಬಂತು. ಜೋನಾಸ್ ಆ ಬಟ್ಟೆ ವ್ಯಾಪಾರಿಯ ತಮ್ಮನ ಮೊಮ್ಮಗ. ಪಾಠ ಕಲಿತದ್ದು ಆಮೇಲೆ, ಕಲಿತ ಮೇಲೆ ಹಿಂದೆ ತಿರುಗಿ ಆ ಎರಡು ಕಾರ್ಡು ನೋಡಲಿಲ್ಲ.

ಇಪ್ಪತ್ತನಾಲ್ಕು ವರ್ಷ ಆ ವಂಶಾವಳಿ ಅವಳಿಗೊಂದು ಹವ್ಯಾಸವಾಗಿತ್ತು. 1985ರಲ್ಲಿ ಅವಳ ತಾಯಿ ತೀರಿಕೊಂಡಳು. ಇದ್ದದ್ದು ನಗರಸಭೆಯ ಮನೆ. ಬಾಡಿಗೆಯ ಹಕ್ಕು ಅಪ್ಪನಿಂದ ಅಮ್ಮನಿಗೆ ಒಮ್ಮೆ ದಾಟಿತ್ತು, ಕಾನೂನಿನಲ್ಲಿ ಎರಡನೇ ಸಲ ದಾಟಲು ಅವಕಾಶವಿರಲಿಲ್ಲ. ಹದಿನಾಲ್ಕು ವರ್ಷ ತಾಯಿಯ ಚಾಕರಿ ಮಾಡಿದ ಮಗಳಿಗೆ ಇಪ್ಪತ್ತೆಂಟು ದಿನದ ನೋಟಿಸು ಬಂತು. ಅದೇ ತಿಂಗಳು ಬಳಗದ ಮನೆ ಖಾಲಿಯಾಯಿತು. ಅವಳು ಒಂದು ರಟ್ಟಿನ ಕೊಳವೆಯಲ್ಲಿ ವಂಶಾವಳಿಯನ್ನು ಸುರುಳಿ ಸುತ್ತಿಕೊಂಡು ಹೋಗಿ, ಆ ಆರು ಮನೆ ನೋಡಿಕೊಳ್ಳುವ ಧರ್ಮದರ್ಶಿಗಳ ಮುಂದೆ ಬಿಚ್ಚಿದಳು.

ಆ ಮಂಗಳವಾರ ಅವಳು ಮನೆಗೆ ಬಂದಾಗ ಎರಡನೇ ಮನೆಯ ವಿನಿ ಬೂತ್ ಬಾಗಿಲಲ್ಲೇ ನಿಂತಿದ್ದಳು. ವಿನಿಗೆ ಎಂಬತ್ತೆರಡು. ಆರು ಮನೆಯ ಸುದ್ದಿಯೂ ಅವಳ ಬಾಗಿಲ ಮುಂದೆಯೇ ಹಾಯಬೇಕು.

"ಏನಮ್ಮಾ ಮಹಾರಾಣಿ, ಮುಖ ಯಾಕೆ ಒಣಗಿದ ಬ್ರೆಡ್ಡಿನ ಹಾಗಿದೆ? ಬಿಷಪ್ಪು ಬರ್ತಾನೆ ಅಂತ ಈಗ್ಲೇ ಕೈಕಾಲು ತಣ್ಣಗಾಯ್ತಾ?"

"ಸ್ವಲ್ಪ ತಲೆನೋವು ವಿನಿ."

"ನಿಂಗೇನೇ ತಲೆನೋವು. ನಾನು ಈ ಮನೆಗೋಸ್ಕರ ಪಾದ್ರಿ ಹೆಂಡತಿ ಮುಂದೆ ಆರು ವರ್ಷ ಹಲ್ಲು ಕಿರಿದೆ. ನೀನು ಹುಟ್ಟಿದ್ದಕ್ಕೇ ಸಿಕ್ತು. ಆ ಫಲಕಕ್ಕೆ ಪರದೆ ಹೊಲಿಯೋಕೆ ನಂಗೇ ಕೊಟ್ಟಿದಾರೆ ಗೊತ್ತಾ? ನಿಮ್ಮಪ್ಪನ ಹೆಸರು ನಾನು ಮುಚ್ಚಬೇಕು, ಬಿಷಪ್ಪು ತೆಗೀಬೇಕು."

ಮುನ್ನೂರನೇ ವರ್ಷದ ಉತ್ಸವ ನವೆಂಬರ್ ಇಪ್ಪತ್ತಾರಕ್ಕಿತ್ತು. ಎನಿಡಳ ವಂಶಾವಳಿಯನ್ನು ಓಕ್ ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಬರೆಸಿದ್ದರು. ಸ್ಮರಣ ಪುಸ್ತಿಕೆಯಲ್ಲೂ ನಡುವಿನ ಎರಡು ಪುಟ ಅದಕ್ಕೇ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೆಳಗೆ ಒಂದು ಕೋಣೆ, ಮೇಲೆ ಒಂದು. ಕಿಟಕಿಯ ಗೋಡೆ ಎರಡಡಿ ದಪ್ಪ. ಒಂಬತ್ತು ವರ್ಷ ಆ ದಪ್ಪ ಅವಳಿಗೆ ಧೈರ್ಯ ಕೊಟ್ಟಿತ್ತು. ಈಗ ಕೋಟು ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತಳು, ಬೇರೆಯವರ ಮನೆಗೆ ಬಂದು ಮನೆಯವರನ್ನು ಕಾಯುವ ಹಾಗೆ.

ಆ ಮನೆಯವಳು ಯಾರು ಎಂಬುದೂ ಅವಳಿಗೆ ಗೊತ್ತಿತ್ತು. ಹೋದ ವರ್ಷ ಅವಿಸ್ ಹಾಲ್ರಾಯ್ಡ್ ಎಂಬ ಅರವತ್ತಾರರ ವಿಧವೆ ಬಳಗದ ಮನೆಗೆ ಅರ್ಜಿ ಹಾಕಿದ್ದಳು. ಜೋನಾಸನ ಮಗಳು ಮಾರ್ಥಾಳ ಕಡೆಯಿಂದ ಬಂದವಳು. ಧರ್ಮದರ್ಶಿಗಳು ಅರ್ಜಿಯನ್ನು ಪರಿಶೀಲನೆಗೆ ಎನಿಡಳಿಗೇ ಕಳಿಸಿದರು. ಆ ಊರಿನಲ್ಲಿ ಅದನ್ನು ಬಲ್ಲವರು ಬೇರೆ ಇರಲಿಲ್ಲ. ಎನಿಡ್ ಒಂದೂವರೆ ತಿಂಗಳು ಕೂತು ಒಂದೊಂದು ಕೊಂಡಿಯನ್ನೂ ನೋಡಿ, ಸರಿಯಿದೆ ಎಂದು ಸಹಿ ಹಾಕಿಕೊಟ್ಟಳು. ಮನೆ ಖಾಲಿಯಿಲ್ಲ, ಕಾಯಿರಿ ಎಂದು ಧರ್ಮದರ್ಶಿಗಳು ಅವಿಸ್‌ಗೆ ಬರೆದರು. ಅವಿಸ್ ತನ್ನ ತಂಗಿಯ ಗಂಡನ ಹೊಲದಲ್ಲಿ ನಿಲ್ಲಿಸಿದ ಗಾಡಿಮನೆಯಲ್ಲಿ ಕಾಯುತ್ತಿದ್ದಳು.

*

ಶುಕ್ರವಾರ ಎನಿಡ್ ಬಸ್ಸು ಹತ್ತಿ ಜಿಲ್ಲೆಯ ದಾಖಲೆ ಕಚೇರಿಗೆ ಹೋದಳು. ತಾನು ತಪ್ಪು ಕೇಳಿಸಿಕೊಂಡಿರಲಿ ಎಂದು ದಾರಿಯುದ್ದಕ್ಕೂ ಬಯಸಿದಳು. ಪಾದ್ರಿಗಳು ಪ್ರತಿ ವರ್ಷ ರಿಜಿಸ್ಟರಿನ ನಕಲನ್ನು ಬಿಷಪ್ಪನಿಗೆ ಕಳಿಸಬೇಕಿತ್ತು, ಮಾರ್ಚ್‌ನಿಂದ ಮಾರ್ಚ್‌ಗೆ. 1731ರ ನಕಲಿನ ಚರ್ಮದ ಹಾಳೆ ಉಳಿದಿತ್ತು. ಒಂದೇ ಹಾಳೆ. ಮೇಲ್ಗಡೆ ಜೂನ್ ಹದಿಮೂರರ ದೀಕ್ಷಾಸ್ನಾನ, ಕೆಳಗಡೆ ಜನವರಿ ಹತ್ತೊಂಬತ್ತರ ಸಮಾಧಿ. ಹಾಗಾದರೆ ಜೋನಾಸನಿಗೆ ಆಮೇಲೆ ಇನ್ನೊಬ್ಬ ಥಾಮಸ್ ಹುಟ್ಟಿದನೇ? ಅದನ್ನೂ ನೋಡಿದಳು. ಇಲ್ಲ. 1733ರ ಮೇ ತಿಂಗಳಲ್ಲಿ ಜೋನಾಸನೇ ಸತ್ತಿದ್ದ. ಉಳಿದವಳು ಮಾರ್ಥಾ ಒಬ್ಬಳೇ.

ಐದು ದಿನ ಅವಳು ಯಾರಿಗೂ ಹೇಳಲಿಲ್ಲ. ಗುರುವಾರದ ಓದಿಗೂ ಆಚೆ ಮಂಗಳವಾರದ ಓದಿಗೂ ನೆಗಡಿ ಎಂದು ಹೇಳಿ ಕಳಿಸಿದ್ದಳು. ಆ ದಿನಗಳಲ್ಲಿ ಅವಳ ತಲೆಯಲ್ಲಿ ಓಡಾಡಿದ್ದು ಮುಖ್ಯವಾಗಿ ಒಂದೇ ಯೋಚನೆ. ಪುಸ್ತಕ ಅಚ್ಚಾದ ಮೇಲೆ ಯಾರು ಬೇಕಾದರೂ ಆ ಸಾಲನ್ನು ನೋಡಬಹುದು. ಆದರೆ ಅಚ್ಚಿಗೆ ಹೋಗುವ ಹಾಳೆ ಇನ್ನೂ ತನ್ನ ಕೈಯಲ್ಲಿದೆ. ಒಂಬತ್ತು ಸಾವಿರದ ನಾನೂರರಲ್ಲಿ ಒಂದು ಸಾಲು. ಕಣ್ಣು ತಪ್ಪಿ ಬಿಟ್ಟುಹೋಗುವ ಸಾಲುಗಳು ಪ್ರತಿ ಪುಸ್ತಕದಲ್ಲೂ ಇರುತ್ತವೆ, ಯಾರೂ ಅದಕ್ಕೆ ದ್ರೋಹ ಎನ್ನುವುದಿಲ್ಲ. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಬುಧವಾರ ಬೆಳಗ್ಗೆ ಎದ್ದವಳೇ ಅದಕ್ಕೆ ಹೆದರಿ ಧರ್ಮದರ್ಶಿಗಳ ಗುಮಾಸ್ತನ ಕಚೇರಿಗೆ ಹೊರಟಳು.

ಗುಮಾಸ್ತ ಎಂದರೆ ಹಳೆಯ ಪದವಿ, ಕೂತವನು ಊರಿನ ವಕೀಲ ಫ್ಯಾರರ್. ಐವತ್ತರ ಆಸುಪಾಸು, ಮಾತು ಮೆದು. ಅವಳು ಎರಡು ಛಾಯಾಪ್ರತಿಗಳನ್ನು ಮೇಜಿನ ಮೇಲಿಟ್ಟು ಹತ್ತು ನಿಮಿಷ ವಿವರಿಸಿದಳು. ಅವನು ಒಮ್ಮೆಯೂ ಅಡ್ಡ ಬಾಯಿ ಹಾಕಲಿಲ್ಲ.

"ಅರ್ಥ ಆಯ್ತು," ಅಂದ. "ಮಾರ್ಚಿಂದ ವರ್ಷ. ಚೆನ್ನಾಗಿದೆ. ಈಗ ನಾನು ಒಂದೆರಡು ಕೇಳ್ಲಾ ಮಿಸ್ ಬ್ರಾಕ್‌ಷಾ?"

"ಕೇಳಿ."

"ಹೋದ ವರ್ಷ ಮಿಸೆಸ್ ಹಾಲ್ರಾಯ್ಡ್ ಬಳಗದವರು ಅಂತ ಬರ್ಕೊಟ್ಟಿದ್ದು ಯಾರು?"

"ನಾನೇ."

"ಮೂವತ್ತಮೂರು ವರ್ಷ ತಮ್ಮ ಅಜ್ಜನ್ನೇ ತಪ್ಪು ಗುರುತು ಹಿಡಿದಿದ್ದವರು ಇನ್ನೊಬ್ಬರ ಅಜ್ಜಿ ಬಗ್ಗೆ ಕೊಟ್ಟ ಕಾಗದ. ಅದನ್ನ ನಾನು ಧರ್ಮದರ್ಶಿಗಳ ಮುಂದೆ ಹೇಗೆ ಇಡ್ಲಿ ಹೇಳಿ."

"ಅವರದ್ದು ಸರಿಯಿದೆ. ಅದನ್ನ ನಾನು ಮೂಲ ರಿಜಿಸ್ಟರಲ್ಲೇ ನೋಡಿದ್ದೀನಿ."

"ನಿಮ್ಮದೂ ಸರಿಯಿದೆ ಅಂತ ನೀವೇ ಹೇಳಿದ್ರಿ." ಅವನ ದನಿಯಲ್ಲಿ ಚುಚ್ಚು ಇರಲಿಲ್ಲ, ಅದೇ ಕಷ್ಟವಾಗಿತ್ತು. "ನಿಮ್ಮ ಕಾಗದ ನಂಬಿದ್ರೆ ಇಬ್ಬರೂ ಬಳಗದವರು. ನಂಬದಿದ್ರೆ ಇಬ್ಬರೂ ಅಲ್ಲ. ಇಬ್ಬರೂ ಅಲ್ಲ ಅಂದ್ರೆ ಬಳಗವೇ ಮುಗೀತು. ಮೀಸಲು ಹೋಯ್ತು. ಆ ಮನೆ ಬೇರೆ ಐದರ ಜೊತೆ ಸೇರುತ್ತೆ, ಕಾಯೋರ ಪಟ್ಟೀಲಿ ಹದಿನೇಳು ಜನ ಇದ್ದಾರೆ. ನೀವೂ ಹೊರಗೆ, ಅವರೂ ಹೊರಗೆ. ಅದು ಬೇಕಾ ನಿಮಗೆ?"

ಫ್ಯಾರರ್ ಮೇಜಿನ ಮೇಲಿದ್ದ ಸ್ಮರಣ ಪುಸ್ತಿಕೆಯೊಂದನ್ನು ಅವಳ ಕಡೆ ತಿರುಗಿಸಿದ.

"ಫಲಕ ಬರೆಸಿಯಾಯ್ತು. ಪುಸ್ತಿಕೆ ಐನೂರು ಪ್ರತಿ ಬಂದಾಯ್ತು. ಆದ್ರೆ ಅದಕ್ಕೋಸ್ಕರ ಹೇಳ್ತಿಲ್ಲ ನಾನು. ಇನ್ನೂರ ಅರವತ್ತು ವರ್ಷದ ಹಿಂದೆ ಏಳು ತಿಂಗಳ ಮಗು ಒಂದು ಸತ್ತಿದೆ. ಅದರಿಂದ ಇವತ್ತು ಯಾರಿಗೆ ಅನ್ಯಾಯ ಆಗಿದೆ?"

"ಅವಿಸ್ ಹಾಲ್ರಾಯ್ಡ್‌ಗೆ."

"ಅವರು ಪಟ್ಟೀಲಿ ಇದ್ದಾರಲ್ಲ. ನಿಮ್ಮ ನಂತರ ಅವರದ್ದೇ." ಅವನು ಛಾಯಾಪ್ರತಿಗಳನ್ನು ಅಂಚಿಗೆ ಅಂಚು ಕೂಡಿಸಿ ಅವಳ ಕಡೆ ಸರಿಸಿದ. "ಇವನ್ನ ನಾನು ನೋಡಿಲ್ಲ. ನೀವು ಮನೆಗೆ ಹೋಗಿ ಒಂದು ಕಪ್ ಟೀ ಕುಡೀರಿ."

ನಿಮ್ಮ ನಂತರ. ಬೀದಿಗೆ ಇಳಿದ ಮೇಲೆ ಎನಿಡ್‌ಗೆ ಆ ಮಾತಿನ ಲೆಕ್ಕ ಹತ್ತಿತು. ಇನ್ನು ಮೇಲೆ ತಾನು ಬದುಕುವ ಒಂದೊಂದು ವರ್ಷವೂ ಅವಿಸ್ ಗಾಡಿಮನೆಯಲ್ಲಿ ಕಳೆಯುವ ಒಂದೊಂದು ಚಳಿಗಾಲ. ಸುಳ್ಳೆಂದು ಗೊತ್ತಿದ್ದೂ ಆ ಮನೆಯಲ್ಲಿ ಇರಬೇಕು. ನಿಜ ಹೇಳಿದರೆ ತನ್ನ ಜೊತೆ ಅವಿಸ್ ಕೂಡ ಬೀದಿಗೆ. ಸುಮ್ಮನೆ ಎದ್ದು ಹೋಗೋಣವೆಂದರೆ ಎಲ್ಲಿಗೆ? ಒಂಟಿ ವೃದ್ಧರಿಗೆ ನಗರಸಭೆಯ ಮನೆ ಸಿಗಲು ಹದಿನೆಂಟು ತಿಂಗಳು ಎಂದು ಅವಳು ಸೋಮವಾರವೇ ದೂರವಾಣಿ ಮಾಡಿ ಕೇಳಿದ್ದಳು. ಮೂರೂ ಕಡೆ ಗೋಡೆ, ಮತ್ತು ಮೂರನ್ನೂ ಕಟ್ಟಿದವಳು ತಾನೇ.

*

ಮರುದಿನ ಗುರುವಾರ. ಲಯನೆಲ್ ಪೆನ್ಸಿಲು ಚೂಪು ಮಾಡಿ ಇಟ್ಟಿದ್ದ.

"ನೆಗಡಿ ಹೋಯ್ತಾ? 1740ರ ಚಳಿಗಾಲ. ಜನ ನೊಣದ ಹಾಗೆ ಸತ್ತಿದ್ದಾರೆ. ಉಸಿರು ಗಟ್ಟಿ ಹಿಡ್ಕೋ."

"ಲಯನೆಲ್, ಹಿಂದೆ ಹೋಗ್ಬೇಕು. 1731, ಜನವರಿ ಹತ್ತೊಂಬತ್ತು."

"ಟಿಕ್ ಹಾಕಿದ್ಯಲ್ಲ."

"ಹಾಕಿದ್ದೆ."

ಅವಳು ಹೇಳಿದಳು. ಲಯನೆಲ್ ಛಾಯಾಪ್ರತಿಗಳನ್ನು ಹಿಂದಕ್ಕೆ ತಿರುವಿ, ಆ ಪುಟ ತೆಗೆದು, ಬೆರಳಿಟ್ಟು ಓದಿದ. ದೀಕ್ಷಾಸ್ನಾನಗಳ ಕಟ್ಟನ್ನು ಕಪಾಟಿನಿಂದ ತಂದು ಅಲ್ಲೂ ಬೆರಳಿಟ್ಟ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಒಂಬತ್ತು ದಿನ," ಅಂದ. "ನಾನು ಓದಿದ ಕ್ಷಣಕ್ಕೇ ನಿಂಗೆ ಗೊತ್ತಾಯ್ತು ತಾನೆ?"

"1732 ಅಂತ ನೀನು ಓದಿದಾಗ."

"ಆಗ ಬಾಯಿ ಬಿಟ್ಟು 'ತಡಿ ಲಯನೆಲ್' ಅನ್ನೋದು ಬಿಟ್ಟು, ಮುಂದೆ ಹೋಗು ಅಂದೆ. ನಾನು ಕತ್ತೆ ಹಾಗೆ ಮುಂದೆ ಹೋದೆ."

"ನನ್ನ ಮನೆ ಲಯನೆಲ್ ಅದು."

"ಗೊತ್ತಮ್ಮ ನಿನ್ನ ಮನೆ ಅಂತ. 1961ರಲ್ಲಿ ನೀನು ತಪ್ಪು ಮಾಡಿದ್ದಕ್ಕೆ ನಂಗೇನೂ ಇಲ್ಲ. ನಾನೂ ಒಂದು ಸಲ ಕಲ್ಲಿದ್ದಲ ಗಾಡೀನ ಪ್ರಯಾಣಿಕರ ಹಳಿಗೆ ಬಿಟ್ಟಿದ್ದೆ. ಆದರೆ ಬಿಟ್ಟೆ ಅಂತ ಗೊತ್ತಾದ ತಕ್ಷಣ ಗಂಟೆ ಹೊಡೆದೆ. ಒಂಬತ್ತು ದಿನ ಆದ್ಮೇಲೆ ಹೊಡೀಲಿಲ್ಲ." ಅವನು ಕಿಟಕಿಯ ಕಡೆ ತಿರುಗಿದ. "ಈಗ ಮೂರು ವರ್ಷದ ನಿನ್ನ ಟಿಕ್ಕುಗಳನ್ನೆಲ್ಲ ನಾನು ಇನ್ನೊಂದು ಸಲ ನೋಡಬೇಕಾ ಹೇಳು."

"ನೋಡು," ಅಂದಳು ಎನಿಡ್. "ನಿನ್ನ ಜಾಗದಲ್ಲಿ ನಾನಿದ್ರೂ ನೋಡ್ತಿದ್ದೆ."

ಕೆಳಗೆ ಗ್ರಂಥಾಲಯದಲ್ಲಿ ಯಾರೋ ಪುಸ್ತಕಕ್ಕೆ ಮುದ್ರೆ ಒತ್ತುತ್ತಿದ್ದ ಸದ್ದು ಕೇಳುತ್ತಿತ್ತು.

"ಇನ್ನೊಂದು ಕೇಳ್ಬೇಕು," ಅಂದಳು. "ಮಾರ್ಥಾ ಬ್ರಾಕ್‌ಷಾಳಿಂದ ಅವಿಸ್ ಹಾಲ್ರಾಯ್ಡ್ ತನಕ ನೀನು ಮೊದಲಿಂದ ಹಿಡೀಬೇಕು. ನನ್ನ ಕಾಗದ ನೋಡಬಾರದು. ಮೂಲ ರಿಜಿಸ್ಟರು ಮಾತ್ರ. ಸರಿ ಬಂದ್ರೆ ನಿನ್ನ ಸಹಿ ಇರಲಿ."

"ಸರಿ ಬರದಿದ್ರೆ?"

"ಬರಲಿಲ್ಲ ಅಂತ ಬರಿ."

"ಬಂದ್ರೆ ನೀನು ಎಲ್ಲಿಗೆ ಹೋಗ್ತೀಯ?"

"ಅದನ್ನ ನೀನು ರಿಜಿಸ್ಟರಲ್ಲಿ ಹುಡುಕೋದು ಬೇಡ."

ಲಯನೆಲ್ ಕನ್ನಡಕ ಹಾಕಿಕೊಂಡ. ನಗಲಿಲ್ಲ. "ಹಾಗಾದ್ರೆ ನಿನ್ನ ನೇಕಾರ ಥಾಮಸ್ಸು ಯಾರು ಅಂತೀಯ?"

"ಗೊತ್ತಿಲ್ಲ."

"ಆ ಒಕ್ಕಲುಮನೆಯಿಂದ ಇಳಿದು ಬಂದೋರಿಗೆಲ್ಲ ಆ ಹೆಸರೇ ಅಂತ ಸಂಘದಲ್ಲಿ ನೀನೇ ಭಾಷಣ ಮಾಡ್ತಿದ್ದೆ. ಯಜಮಾನನೂ ಅಲ್ಲಿಂದ್ಲೇ ಇಳೀತಾನೆ, ಸಗಣಿ ಬಾಚೋನೂ ಅಲ್ಲಿಂದ್ಲೇ ಇಳೀತಾನೆ." ಮಾತಿನಲ್ಲಿ ಕೋಪ ಇನ್ನೂ ಇತ್ತು, ಆದರೆ ಅವನು ಹೊಸ ಹಾಳೆ ಎಳೆದುಕೊಂಡು ಅದರ ತಲೆಯ ಮೇಲೆ ಮಾರ್ಥಾ ಎಂದು ಬರೆದಾಗಿತ್ತು.

ಅವನಿಗೆ ಎಂಟು ದಿನ ಹಿಡಿಯಿತು. ದಿನವೂ ದಾಖಲೆ ಕಚೇರಿಗೆ ಹೋದ. ಎನಿಡ್ ಆ ಎಂಟು ದಿನ ಮನೆಯಲ್ಲಿದ್ದಳು. ವಿನಿ ಗೋಡೆಯಾಚೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಒಂದು ಮಧ್ಯಾಹ್ನ ನೇರಳೆ ಬಣ್ಣದ ಪರದೆಯನ್ನು ಹಿಡಿದುಕೊಂಡು ಬಂದು ಉದ್ದ ಸರಿಯಿದೆಯಾ ಎಂದು ಕೇಳಿದಳು. ಎನಿಡ್ ಅದರ ಒಂದು ತುದಿ ಹಿಡಿದು ನಿಂತಳು, ಸರಿಯಿದೆ ಅಂದಳು. ಲಯನೆಲ್‌ನ ಹುಡುಕಾಟದಲ್ಲಿ ಒಂದಾದರೂ ಕೊಂಡಿ ಮುರಿಯಲಿ ಎಂದು ಆಸೆಪಡುತ್ತಿದ್ದೇನೆ ಎಂಬುದು ಅವಳಿಗೆ ಆ ಕ್ಷಣ ತಿಳಿಯಿತು. ಅವಿಸ್ ಬಳಗದವಳಲ್ಲ ಎಂದಾದರೆ ಕೇಳುವವರಿಲ್ಲ, ಆಗ ಊರಿನ ಬಡವಳಾಗಿಯಾದರೂ ತಾನು ಅರ್ಜಿ ಹಾಕಬಹುದು. ಹದಿನೇಳು ಜನರ ಹಿಂದೆ. ಅಷ್ಟು ದೂರದ ಆಸೆಯನ್ನೂ ಅವಳು ಬಿಡಲಾರದೆ ಇದ್ದಳು.

ಶುಕ್ರವಾರ ಸಂಜೆ ಲಯನೆಲ್ ಲಕೋಟೆ ಕೊಟ್ಟುಹೋದ. ಏಳು ತಲೆಮಾರು, ಹತ್ತೊಂಬತ್ತು ಆಧಾರ, ಒಂದೂ ಮುರಿದಿರಲಿಲ್ಲ. ಕೊನೆಗೆ ಅವನ ಸಹಿ.

*

ಭಾನುವಾರ, ಅಕ್ಟೋಬರ್ ಮೂವತ್ತು, ಎನಿಡ್ ಮೂರು ಮೈಲಿ ನಡೆದು ಅವಿಸ್ ಇದ್ದ ಹೊಲಕ್ಕೆ ಹೋದಳು. ಗಾಡಿಮನೆಯ ಚಕ್ರಗಳು ಹುಲ್ಲಿನಲ್ಲಿ ಹೂತಿದ್ದವು. ಒಂದು ಕಿಟಕಿಗೆ ಗಾಜಿನ ಬದಲು ಪ್ಲಾಸ್ಟಿಕ್ಕಿನ ಹಾಳೆ. ಅವಿಸ್ ಹಾಲ್ರಾಯ್ಡ್ ಬಾಗಿಲು ತೆಗೆದಳು. ದೊಡ್ಡ ಮೈಕಟ್ಟಿನ ಹೆಂಗಸು, ಎರಡು ಸ್ವೆಟರು ತೊಟ್ಟಿದ್ದಳು.

"ಓ, ನೀವಾ," ಅಂದಳು. "ಸತ್ತಿಲ್ವಾ ಇನ್ನೂ? ತಪ್ಪು ತಿಳ್ಕೋಬೇಡಿ, ಪ್ರತಿ ಭಾನುವಾರ ಪತ್ರಿಕೇಲಿ ಅದೊಂದನ್ನೇ ನೋಡ್ತೀನಿ."

"ಒಳಗೆ ಬರಬಹುದಾ?"

"ಬನ್ನಿ. ತಲೆ ಬಗ್ಗಿಸಿ."

ಒಳಗೆ ಇಬ್ಬರು ಕೂತರೆ ಮೊಣಕಾಲು ತಾಗುತ್ತಿತ್ತು. ಎನಿಡ್ ನಿಂತೇ ಹೇಳಲು ಹೊರಟಳು, ನಿಲ್ಲಲು ಎತ್ತರ ಸಾಲದೆ ಕೂತು ಹೇಳಿದಳು. ಮಗು, ಜೂನ್, ಜನವರಿ, ಗುಮಾಸ್ತನ ಮಾತು. ಅವಿಸ್ ಸ್ಟವ್ವಿನ ಮೇಲೆ ಕೈ ಚಾಚಿಕೊಂಡು ಕೇಳಿದಳು.

"ಎಷ್ಟು ದಿನದಿಂದ ಗೊತ್ತು ನಿಮಗೆ?"

"ಹತ್ತೊಂಬತ್ತು ದಿನ."

"ಹತ್ತೊಂಬತ್ತು ದಿನ ಬೆಚ್ಚಗೆ ಮಲಗಿದ್ರಿ."

"ಮಲಗಿದ್ದೆ. ನಿದ್ದೆ ಬರಲಿಲ್ಲ ಅಂತ ಹೇಳಲ್ಲ. ಬಂತು."

ಅವಿಸ್ ಅವಳನ್ನು ದಿಟ್ಟಿಸಿ ನೋಡಿದಳು. "ನಿಜಾನೇ ಹೇಳ್ತೀರಲ್ಲ. ಈಗೇನು? ನಾನು ಥ್ಯಾಂಕ್ಸ್ ಹೇಳಿ ಕಣ್ಣೀರು ಹಾಕ್ಬೇಕಾ?"

"ಬೇಡ. ಇದು ಲಯನೆಲ್ ಸ್ಟಾಟ್ ಮಾಡಿದ ನಿಮ್ಮ ವಂಶಾವಳಿ. ನನ್ನ ಕೈ ಇದಕ್ಕೆ ಸೋಕಿಲ್ಲ. ಇದು ನನ್ನ ಹೇಳಿಕೆ, ನನ್ನದು ತಪ್ಪು ಅಂತ. ಎರಡೂ ಸೇರಿಸಿ ನೀವು ಧರ್ಮದರ್ಶಿಗಳಿಗೆ ಕಳಿಸಿ. ನಾನು ಹೇಳಿದ್ರೆ ಫ್ಯಾರರ್ ನೋಡಿಲ್ಲ ಅಂತಾರೆ. ಹಕ್ಕಿರೋರು ಕೇಳಿದ್ರೆ ನೋಡಲೇಬೇಕು. ಸುಮ್ಮನಾದ್ರೆ ಧರ್ಮಸಂಸ್ಥೆಗಳನ್ನ ನೋಡೋ ಸರ್ಕಾರಿ ಕಚೇರಿಗೆ ಬರೀರಿ, ವಿಳಾಸ ಹಾಳೆ ಹಿಂದೆ ಬರೆದಿದ್ದೀನಿ."

ಅವಿಸ್ ಹೇಳಿಕೆಯನ್ನು ಬೆಳಕಿಗೆ ಹಿಡಿದು ಓದಿದಳು. "ಸಹಿ ಹಾಕಿಲ್ಲ."

"ಸಾಕ್ಷಿ ಮುಂದೆ ಹಾಕಬೇಕು. ನಿಮ್ಮ ತಂಗಿ ಗಂಡ ಇದ್ದಾರಾ?"

ಆ ಮನುಷ್ಯ ಕೊಟ್ಟಿಗೆಯಿಂದ ಬಂದು, ಬಾಗಿಲ ಹೊರಗೇ ನಿಂತು, ಇದೇನೆಂದು ಕೇಳದೆ ಕೈ ಒರೆಸಿಕೊಂಡು ಕಾದ. ಎನಿಡ್ ತನ್ನ ಪೂರ್ತಿ ಹೆಸರು ಬರೆದಳು. ಆ ಹೆಸರಿಗೆ ಬಳಗದ ಮನೆಯ ಹಕ್ಕಿಲ್ಲ ಎಂದು ಮೇಲೆ ಬರೆದಿತ್ತು, ಕೆಳಗೆ ಅದೇ ಹೆಸರು. ಅವನು ತನ್ನ ಸಹಿ ಹಾಕಿ ಕೊಟ್ಟಿಗೆಗೆ ವಾಪಸು ಹೋದ.

ಅವಿಸ್ ಕಾಗದಗಳನ್ನು ಮಡಚಿ ದಿಂಬಿನ ಕೆಳಗಿಟ್ಟಳು. ಕೆಟಲ್ ಕುದಿಯಿತು. ಕೇಳದೆಯೇ ಎರಡು ಮಗ್ಗು ಇಳಿಸಿದಳು.

"ಎಲ್ಲಿ ಹೋಗ್ತೀರಿ?"

"ನಗರಸಭೆ ಪಟ್ಟೀಲಿ ಹೆಸರು ಕೊಟ್ಟಿದ್ದೀನಿ. ಅಲ್ಲಿ ತನಕ ಎಲ್ಲಾದ್ರೂ ಒಂದು ಕೋಣೆ."

"ಇಲ್ಲಿಗೆ ಬರ್ತೀನಿ ಅನ್ಬೇಡಿ ಮತ್ತೆ. ಇದನ್ನ ನನ್ನ ತಂಗಿ ಕೋಳಿಗೆ ಅಂತ ಕಣ್ಣಿಟ್ಟಿದ್ದಾಳೆ."

ಎನಿಡ್‌ಗೆ ನಗು ಬಂತು. ಅವಿಸ್‌ಗೆ ಬರಲಿಲ್ಲ. ಅವಳು ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, ಕೇಳಬಾರದ್ದನ್ನು ಕೇಳುವವಳ ಹಾಗೆ ದನಿ ತಗ್ಗಿಸಿ ಕೇಳಿದಳು.

"ಮನೆ ಹೇಗಿದೆ?"

ಎನಿಡ್ ಗೊತ್ತಿರುವುದನ್ನು ಗೊತ್ತಿರುವ ಹಾಗೇ ಹೇಳಬೇಕು ಎಂದು ಮನಸ್ಸಿನಲ್ಲಿ ಒಂದು ಸಲ ಮನೆಯೊಳಗೆ ಸುತ್ತಿ ಬಂದಳು.

"ಹೊರಗಿಂದ ನೋಡಿದಷ್ಟು ದೊಡ್ಡದಲ್ಲ. ಬಿಸಿಲು ಬೆಳಗ್ಗೆ ಮುಂದಿನ ಕಿಟಕಿಗೆ ಬರುತ್ತೆ, ಹನ್ನೊಂದಕ್ಕೆ ಹೋಗುತ್ತೆ. ಮೇಲಿನ ಕೋಣೇಲಿ ಉತ್ತರದ ಗೋಡೆ ಒದ್ದೆ, ಮಂಚ ಅದಕ್ಕೆ ತಾಗಿಸಬೇಡಿ, ಒಂದು ಗೇಣು ಬಿಡಿ. ಹಿಂದಿನ ಬಾಗಿಲು ಚಳಿಗಾಲದಲ್ಲಿ ಉಬ್ಬುತ್ತೆ, ಮೊದಲು ಮೇಲಕ್ಕೆ ಎತ್ತಿ ಆಮೇಲೆ ತಳ್ಳಬೇಕು. ಪಕ್ಕದ ವಿನಿ ಗೋಡೆ ಬಡಿದ್ರೆ ಜಗಳಕ್ಕಲ್ಲ, ಟೀಗೆ."

"ತಡೀರಿ," ಅಂದಳು ಅವಿಸ್. ಕಪಾಟಿನಿಂದ ಹಳೆಯ ಲಕೋಟೆಯೊಂದನ್ನು ತೆಗೆದು, ಅದರ ಬೆನ್ನಿನ ಮೇಲೆ ಬರೆದುಕೊಳ್ಳಲು ಪೆನ್ನು ಹುಡುಕಿದಳು. "ಉತ್ತರದ ಗೋಡೆ. ಆಮೇಲೆ?"

"ಮೆಟ್ಟಿಲು ಒಂಬತ್ತು. ನಾಲ್ಕನೇದು ಬೇರೆಯವಕ್ಕಿಂತ ಒಂದು ಅಂಗುಲ ಎತ್ತರ," ಅಂದಳು ಎನಿಡ್. "ಮೊದಲ ವಾರ ಎಡವ್ತೀರಿ."